ಪ್ಲೇಗಿನ ಸೂಜಿಮೊನೆ

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ, ಪೇಟೆಯ ಇಕ್ಕಟ್ಟು ಓಣಿಗಳಿಂದ ಜನರನ್ನು ಬಯಲಿಗೆ ಕರೆತರುವುದೇ ಆಡಳಿತಕ್ಕೆ ತೋಚಿದ ದೊಡ್ಡ ಮದ್ದು. 1892ರ ಚಾಮರಾಜಪೇಟೆ ಬಡಾವಣೆಯ ಮಾದರಿ ಕಣ್ಣೆದುರೇ ಇತ್ತು. ಬಸವನಗುಡಿ, ಮಲ್ಲೇಶ್ವರಗಳ ಕೆಲಸ ಚುರುಕಾಯಿತು. ಅಗಲ ಬೀದಿ, ಗಾಳಿ ಬೆಳಕು ಇಲಿ ಚಿಗಟಗಳನ್ನು ದೂರವಿಟ್ಟಾವು, ನಿಜ. ಆದರೆ ಚಿಗಟ ಕಚ್ಚಿಯೇ ಬಿಟ್ಟರೆ ಬಡಾವಣೆಯ ನಕ್ಷೆಯಿಂದ ಏನೂ ಆಗದು. ಅಲ್ಲಿಗೆ ಬೇಕಾದದ್ದು ಲಸಿಕೆ. ಬೊಂಬಾಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಅದನ್ನು ಆಗಲೇ ಮಾಡಿದ್ದ: ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ರೋಗಾಣು ಅದರಿಂದ ಕೆಳಕ್ಕೆ ಬಿಳಲುಗಳಂತೆ ಇಳಿಬೀಳುತ್ತಿತ್ತು, ಅದನ್ನು ಕಲಕಿ, ಮತ್ತೆ ಬೆಳೆಸಿ, ಕಾಯಿಸಿ ಕೊಂದು, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಇಡೀ ರೋಗಾಣುವನ್ನೇ ಕೊಡುವ ಈ ಲಸಿಕೆ ಬಹಳಷ್ಟು ಜೀವ ಉಳಿಸಿತು. ಆದರೆ ಜ್ವರ, ನೋವು ತಪ್ಪುತ್ತಿರಲಿಲ್ಲ. ಶ್ವಾಸಕೋಶದ ಪ್ಲೇಗಿನ ಮುಂದಂತೂ ಈ ಬಗೆಯ ಲಸಿಕೆಗಳನ್ನು ನಂಬುವಂತಿರಲಿಲ್ಲ.

ಇಡೀ ರೋಗಾಣು ಬೇಡ, ಅದರ ಹೊರಮೈಯ ಒಂದೆರಡು ಪ್ರೋಟೀನು ಸಾಕು ಎಂಬುದು ಇಂದಿನ ಲೆಕ್ಕಾಚಾರ. ಯಾವುದು ಎಂಬಲ್ಲಿಯೇ ತಕರಾರು. ಮೊದಲು ಕಣ್ಣಿಗೆ ಬೀಳುವುದು ಎಫ್1. 1952ರಲ್ಲಿ ಶುದ್ಧವಾಗಿ ಬೇರ್ಪಡಿಸಿದ ಪ್ರೋಟೀನಿದು. ಚಿಗಟದ ತಣ್ಣನೆಯ ಹೊಟ್ಟೆಯಲ್ಲಿ ಪ್ಲೇಗಿನ ರೋಗಾಣು ಯೆರ್ಸಿನಿಯಾ ಪೆಸ್ಟಿಸ್ ಇದನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಮನುಷ್ಯನ 37 ಡಿಗ್ರಿಯ ಮೈ ತಾಗಿದ್ದೇ ತಡ, ಎಳೆ ಎಳೆಯಾಗಿ ಹೊರಕ್ಕೆ ನೂಕಿ ಲೋಳೆಯ ಹೊದಿಕೆ ಹೊದ್ದುಕೊಳ್ಳುತ್ತದೆ. ಬಿಳಿ ರಕ್ತಕಣ ನುಂಗಹೋದರೆ ಹಿಡಿತ ಸಿಗದೆ ಜಾರುತ್ತದೆ. ಇಷ್ಟು ಹೇರಳವಾಗಿರುವುದರಿಂದ ಪ್ರತಿಕಾಯಗಳಿಗೂ ಇದು ಸುಲಭದ ಗುರಿ. ಹೇರಳವಾಗಿರುವುದೇ ಒಳ್ಳೆಯ ಗುರಿ ಎಂಬ ಈ ತರ್ಕವನ್ನು ನಾನು ಒಪ್ಪಲಾರೆ. ಎಫ್1 ಕಳೆದುಕೊಂಡ ತಳಿಗಳು ನಿಸರ್ಗದಲ್ಲಿ ಸಿಕ್ಕಿವೆ, ಪ್ರಯೋಗಾಲಯದಲ್ಲಿ ಕಿತ್ತುಹಾಕಿದ್ದೂ ಇದೆ. ಅವು ಇಲಿಗಳನ್ನು ಕೊಲ್ಲುತ್ತಲೇ ಇವೆ. ಕಳಚಿ ಎಸೆಯಬಲ್ಲ ಹೊದಿಕೆಗೆ ಗುರಿಯಿಟ್ಟರೆ, ಅದನ್ನು ಎಸೆದ ರೋಗಾಣು ಲಸಿಕೆಯಿಂದ ತಪ್ಪಿಸಿಕೊಳ್ಳುತ್ತದೆ.

ಕಳಚಲಾಗದ್ದು ವಿ ಪ್ರೋಟೀನು. ರೋಗಾಣುವಿನ ಮೈಮೇಲೆ ಎದ್ದ ಟೊಳ್ಳು ಸೂಜಿಗಳ ತುದಿಯಲ್ಲಿ, ಐದೈದು ಕಣಗಳ ಪುಟ್ಟ ಮುಕುಟವಾಗಿ ಇದು ಕೂತಿರುತ್ತದೆ. ಸೂಜಿ ಬಿಳಿಕಣಕ್ಕೆ ತಾಗಿದಾಗ ಈ ಮೊನೆಯ ಆಸರೆಯಿಂದಲೇ ಅದರ ಪೊರೆಯಲ್ಲಿ ರಂಧ್ರವಾಗಿ ವಿಷಪ್ರೋಟೀನುಗಳು ಒಳಹೋಗುತ್ತವೆ, ನುಂಗಬೇಕಾದ ಕಣವೇ ನಿಷ್ಕ್ರಿಯವಾಗುತ್ತದೆ. ಮೊನೆ ಇಲ್ಲದಿದ್ದರೆ ಪ್ಲೇಗು ಪ್ಲೇಗೇ ಅಲ್ಲ. ಸೂಜಿಗಳು ಹೆಚ್ಚಿಲ್ಲ, ಪ್ರತಿಕಾಯಕ್ಕೆ ಸಿಕ್ಕುವ ಜಾಗವೂ ಕಿರಿದು. ಆದರೂ ಅದಕ್ಕೆ ಅಂಟಿದ ಪ್ರತಿಕಾಯ ಇಲಿಗಳನ್ನು ಉಳಿಸಿದೆ.

ಇದಕ್ಕೆ ಆಕ್ಷೇಪಗಳಿವೆ. ವಿ ಕೂಡ ಎಲ್ಲೆಡೆ ಒಂದೇ ಅಲ್ಲ, ಯೆರ್ಸಿನಿಯಾ ಕುಲದಲ್ಲಿ ಅದರ ರೂಪಭೇದಗಳಿವೆ. ಅದಕ್ಕೇ ಎಫ್1, ವಿ ಎರಡನ್ನೂ ಬೆಸೆದ ಲಸಿಕೆಗಳತ್ತ ಸಂಶೋಧಕರ ಒಲವು. ಇದು ರಾಜಿಯಲ್ಲ, ವಿವೇಕ. ಇನ್ನೊಂದು ಆಕ್ಷೇಪ ಗಟ್ಟಿಯದು: ಅಂಥ ಲಸಿಕೆ ಒಂದು ಜಾತಿಯ ಕೋತಿಗಳನ್ನು ಚೆನ್ನಾಗಿ ಕಾಪಾಡಿದರೆ, ಆಫ್ರಿಕದ ಹಸಿರು ಕೋತಿಗಳಲ್ಲಿ ಒಮ್ಮೆ ಗೆದ್ದು ಒಮ್ಮೆ ಸೋತಿತು. ಮನುಷ್ಯ ಯಾವ ಕೋತಿಯ ಕಡೆ? ರೋಗ ವಿರಳವಾದ್ದರಿಂದ ದೊಡ್ಡ ಪರೀಕ್ಷೆ ನಡೆಸುವುದು ಕಷ್ಟ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಇರುವಾಗ ಈ ತಲೆನೋವೇಕೆ ಎನ್ನುವವರು, 1995ರಲ್ಲಿ ಮಡಗಾಸ್ಕರ್‌ನಲ್ಲಿ ಅದಕ್ಕೂ ಬಗ್ಗದ ತಳಿ ಸಿಕ್ಕಿದ್ದನ್ನು ಮರೆಯುತ್ತಾರೆ. ಅದೇ ದ್ವೀಪದಲ್ಲಿ 2017ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಬಹುಪಾಲು ಶ್ವಾಸಕೋಶದ್ದು. ಆ ಬಗೆಯಲ್ಲಿ ಔಷಧಿಗೆ ಸಿಗುವ ಅವಧಿ ಹೆಚ್ಚುಕಡಿಮೆ ಒಂದು ದಿನ.

ನಮ್ಮಲ್ಲೂ ಕೋಲಾರದಿಂದ ಆಂಧ್ರ, ತಮಿಳುನಾಡಿನ ಗಡಿವರೆಗಿನ ಪ್ರದೇಶ ಪ್ಲೇಗಿನ ಹಳೆಯ ನೆಲೆ. ಅಂಥ ಕಡೆ ಇಲಿ, ನಾಯಿಗಳ ರಕ್ತ ತೆಗೆದು ಕಣ್ಗಾವಲು ಇಡುವುದು ರೂಢಿ. ಆ ಪರೀಕ್ಷೆಗಳು ಮುಖ್ಯವಾಗಿ ಹುಡುಕುವುದು ಎಫ್1ರ ವಿರುದ್ಧದ ಪ್ರತಿಕಾಯವನ್ನೇ. ಹೊದಿಕೆ ಕಳಚಿದ ತಳಿ ಅವುಗಳ ಕಣ್ಣಿಗೂ ಬೀಳದು.