ಹಳೆಯ ಗಣಕಯಂತ್ರಕ್ಕೆ ಹೊಸ ಬಾಳು

೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ ೧೧ರ ನಿಬಂಧನೆಗಳಿಗೆ ಹೊಂದದ ಅಸಂಖ್ಯ ಗಣಕಯಂತ್ರಗಳು ಅಂದಿನಿಂದ ನಿರುಪಯುಕ್ತವೆನಿಸಿದವು. ಯಂತ್ರವು ಕೆಟ್ಟಿಲ್ಲ, ಕೀಲಿಮಣೆಯು ಸವೆದಿಲ್ಲ. ಆದರೂ ಅದನ್ನು ಮೂಲೆಗೆಸೆಯಬೇಕೆಂಬುದು ಯಾವ ನ್ಯಾಯ?

ಹವ್ಯಾಸಿಗೆ ಬೇರೊಂದು ದಾರಿಯುಂಟು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ಹವ್ಯಾಸಕ್ಕಾಗಿಯೇ ಆರಂಭಿಸಿದ ಲಿನಕ್ಸ್, ಇಂಥ ಯಂತ್ರಗಳಲ್ಲಿ ಇಂದಿಗೂ ಸುಖವಾಗಿ ನಡೆಯುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಪೈಥಾನ್ ಭಾಷೆಯೂ, ಬರೆದುದರ ಹಂತಹಂತವನ್ನು ಕಾಪಿಡುವ ಗಿಟ್ ಸಾಧನವೂ ಅಲ್ಲಿ ಬೆಲೆಯಿಲ್ಲದೆ ದೊರೆಯುವುವು. ಛಾಯಾಗ್ರಾಹಕರಿಗೆ ಡಾರ್ಕ್‌ಟೇಬಲ್ ಉಂಟು. ಜೆಪೆಗ್ ಚಿತ್ರವು ಒಂದೊಂದು ವರ್ಣಕ್ಕೆ ೨೫೬ ಮಟ್ಟಗಳನ್ನಷ್ಟೇ ಉಳಿಸಿಕೊಂಡರೆ, ೧೪ ಬಿಟ್ಟಿನ ರಾ ಚಿತ್ರದಲ್ಲಿ ೧೬,೩೮೪ ಮಟ್ಟಗಳಿಗೆ ಎಡೆಯಿದೆ. ಕತ್ತಲಲ್ಲಿ ಅಡಗಿದ ಮುಖವನ್ನು ಬೆಳಕಿಗೆ ತರುವುದು ಇದರಿಂದಲೇ ಸಾಧ್ಯ. ಡಾರ್ಕ್‌ಟೇಬಲ್ ಮೂಲಚಿತ್ರವನ್ನು ಮುಟ್ಟದೆ, ತಿದ್ದುಪಡಿಗಳನ್ನು ಬೇರೆಯಾಗಿ ಬರೆದಿಡುತ್ತದೆ.

ಆದರೆ ಆತುರವು ಸಲ್ಲದು. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗಬಹುದು. ಆದುದರಿಂದ ಚಿತ್ರಗಳ ಪ್ರತಿಯನ್ನು ಮೊದಲು ಬೇರೊಂದು ಡಿಸ್ಕಿನಲ್ಲಿರಿಸಿ, ಅದು ಸರಿಯಾಗಿ ತೆರೆಯುವುದೇ ಎಂದು ಪರೀಕ್ಷಿಸಬೇಕು. ಬಳಿಕ ಪೆನ್ ಡ್ರೈವ್‌ನಿಂದಲೇ ಲಿನಕ್ಸನ್ನು ನಡೆಸಿ, ತೆರೆ, ಧ್ವನಿ, ವೈಫೈಗಳು ಕೆಲಸಮಾಡುವುದನ್ನು ಕಂಡಮೇಲೆ ಸ್ಥಾಪಿಸಬೇಕು. ನಾಲ್ಕು ಜಿಬಿ ರ್‍ಯಾಮ್ ಇದ್ದರೆ ಪ್ರೋಗ್ರಾಂ ಕಲಿಕೆಗೆ ಸಾಕು. ರಾ ಚಿತ್ರಗಳಿಗೆ ಎಂಟಾದರೂ ಇರುವುದು ಲೇಸು. ಹಳೆಯ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿ ಜೋಡಿಸಿದರೆ ಯಂತ್ರವು ಚುರುಕಾಗುವುದು.

ಹಳೆಯ ಗಣಕಗಳನ್ನು ಗುಜರಿಗೆ ಕಳುಹಿಸಲು ಸಿದ್ಧವಾಗಿರುವ ಶಾಲೆಗಳೂ ಕಚೇರಿಗಳೂ ಇದನ್ನು ಒಮ್ಮೆ ಯೋಚಿಸಲಿ. ಕೊಳ್ಳುವ ಶಕ್ತಿಯಿಲ್ಲದ ಒಬ್ಬ ಬಾಲಕನಿಗೆ ಅದೇ ಮೊದಲ ಕಾರ್ಯಾಗಾರವಾದೀತು.