ಶಾಸನಶುದ್ಧಿಯಲ್ಲಿ ದ್ರಾವಣದ ಪ್ರಮಾಣ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅಚ್ಚಾದ ಪಾಠವನ್ನು ಮೂಲದೊಡನೆ ಹೋಲಿಸಿ ನೋಡುವುದು ಇತಿಹಾಸಕಾರನ ಕರ್ತವ್ಯವಷ್ಟೆ. ಆದರೆ ಕಲ್ಲಿನ ಮೇಲೆ ಹಾವಸೆಯೂ ಕಲ್ಲುಹೂವೂ ಬೆಳೆದು ಅಕ್ಷರಗಳು ಮರೆಯಾಗುತ್ತವೆ. ತಾಮ್ರಪಟಗಳಿಗೆ ಕಿಲುಬು ಹಿಡಿಯುತ್ತದೆ. ಇವನ್ನು ತೆಗೆಯುವ ಕಾರ್ಯ ರಸಾಯನಜ್ಞನದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣವು ಇದಕ್ಕಾಗಿ 1917ರಲ್ಲಿಯೇ ಪ್ರತ್ಯೇಕ ಶಾಖೆಯನ್ನು ತೆರೆಯಿತು. ಆದರೂ ಅದರ ಮೂಲತತ್ತ್ವವು ಇತಿಹಾಸದ ವಿದ್ಯಾರ್ಥಿಗೂ ತಿಳಿದಿರತಕ್ಕದ್ದು.

ಸಾಂದ್ರ ದ್ರಾವಣಕ್ಕೆ ನೀರು ಬೆರೆಸಿದಾಗ ಒಟ್ಟು ತೂಕ ಹೆಚ್ಚುವುದೇ ಹೊರತು ಅದರಲ್ಲಿ ಕರಗಿರುವ ವಸ್ತುವಿನ ಮೊತ್ತ ಬದಲಾಗುವುದಿಲ್ಲ. ಆದುದರಿಂದ ಶೇಕಡಾ ಪ್ರಮಾಣವನ್ನು ತೂಕದಿಂದ ಗುಣಿಸಿದರೆ ಬರುವ ಲಬ್ಧವು ಮೊದಲೂ ಕಡೆಗೂ ಒಂದೇ. ಶೇಕಡಾ 25ರ ಅಮೋನಿಯ ದ್ರಾವಣದಿಂದ ಶೇಕಡಾ 2ರ ದ್ರಾವಣ 1000 ಗ್ರಾಂ ಬೇಕಾದರೆ, 2ನ್ನು 1000ದಿಂದ ಗುಣಿಸಿ 25ರಿಂದ ಭಾಗಿಸಬೇಕು. ಬರುವುದು 80 ಗ್ರಾಂ. ಉಳಿದ 920 ಗ್ರಾಂ ನೀರು.

ಇಲ್ಲೊಂದು ಗೊಂದಲಕ್ಕೆ ಎಡೆಯುಂಟು. ಶೇಕಡಾ 20ರ ಸಿಟ್ರಿಕ್ ಆಮ್ಲದ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿದರೆ ಶೇಕಡಾ 5ರ ದ್ರಾವಣವಾಗುತ್ತದೆ. ನಾಲ್ಕು ಪಾಲು ಸೇರಿಸಿದರೆ ಶೇಕಡಾ 4ರದಾಗುತ್ತದೆ. ‘ನಾಲ್ಕರಲ್ಲೊಂದು’ ಬೇರೆ, ‘ಒಂದಕ್ಕೆ ನಾಲ್ಕು’ ಬೇರೆ. ಸಾಂದ್ರ ಗಂಧಕಾಮ್ಲದ ವಿಷಯದಲ್ಲಂತೂ ಆಮ್ಲವನ್ನೇ ನೀರಿಗೆ ಸ್ವಲ್ಪಸ್ವಲ್ಪವಾಗಿ ಕಲಕುತ್ತ ಸೇರಿಸತಕ್ಕದ್ದು. ನೀರನ್ನು ಆಮ್ಲಕ್ಕೆ ಸುರಿದರೆ ಹುಟ್ಟುವ ಕಾವಿಗೆ ದ್ರವವು ಕುದಿದು ಸಿಡಿಯುತ್ತದೆ.

ವಸ್ತುವಿಗೆ ತಕ್ಕಂತೆ ದ್ರಾವಣವೂ ಬೇರೆ. ದೊಡ್ಡಗದ್ದವಳ್ಳಿ, ಮೊಸಳೆ, ನುಗ್ಗೇಹಳ್ಳಿಗಳ ಹೊಯ್ಸಳ ದೇವಾಲಯಗಳು ಮೃದುವಾದ ಬಳಪದ ಕಲ್ಲಿನವು. ಅವುಗಳಿಗೆ ಆಮ್ಲ ಸಲ್ಲದು. ಹಾವಸೆಗೆ ದುರ್ಬಲ ಅಮೋನಿಯ ಮತ್ತು ಮೆತ್ತನೆಯ ಕುಂಚ ಸಾಕು. ಸಿಟ್ರಿಕ್ ಆಮ್ಲವು ತಾಮ್ರದ ಕಿಲುಬನ್ನು ಕರಗಿಸುತ್ತದೆ. ಆದರೆ ಹೆಚ್ಚು ಹೊತ್ತು ನಿಂತರೆ ಲೋಹವನ್ನೂ ಕೆಡಿಸುತ್ತದೆ. ಮೊದಲು ಅಕ್ಷರವಿಲ್ಲದ ಮೂಲೆಯಲ್ಲಿ ಪರೀಕ್ಷಿಸಿ, ಕಡೆಯಲ್ಲಿ ಬಟ್ಟಿಯಿಳಿಸಿದ ನೀರಿನಿಂದ ಪದೇ ಪದೇ ತೊಳೆದು ಒಣಗಿಸಬೇಕು.

ತೆಳುವಾದ ದ್ರಾವಣದಿಂದ ಕೆಲಸ ನಿಧಾನವಾದೀತು. ಆದರೆ ಅದನ್ನು ನಾಳೆ ಮತ್ತೆ ಮಾಡಬಹುದು. ಸಾಂದ್ರ ದ್ರಾವಣ ಸವೆಸಿದ ಗೆರೆಯನ್ನು ಮತ್ತೆ ಪಡೆಯುವಂತಿಲ್ಲ. ಶಕವರ್ಷದ ಒಂದು ಅಂಕೆ ಅಳಿದರೂ ಕಾಲನಿರ್ಣಯವು ಸಂದೇಹಕ್ಕೆ ಗುರಿಯಾಗುತ್ತದೆ. ಆಗ ಅಚ್ಚಿನ ಪಾಠವನ್ನು ತಿದ್ದಲು ಮೂಲವೇ ಇರುವುದಿಲ್ಲ.