ಕೆಲಸ ಒಬ್ಬರಲ್ಲಿ, ಸಂಬಳ ಇನ್ನೊಬ್ಬರಲ್ಲಿ

2020ರ ಡಿಸೆಂಬರ್ 12, ಶನಿವಾರ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಕಾರ್ಮಿಕರು ಸಿಡಿದೆದ್ದರು. ಗಾಜು ಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು. ದಾಂದಲೆ ಯಾರೂ ಒಪ್ಪುವಂಥದ್ದಲ್ಲ. ಆದರೆ ಅದರ ಹಿಂದಿನ ಲೆಕ್ಕವನ್ನು ನೋಡಲೇಬೇಕು. ಅಲ್ಲಿದ್ದವರಲ್ಲಿ ಬಹುಪಾಲು ಜನ ಕಂಪನಿಯ ನೌಕರರೇ ಆಗಿರಲಿಲ್ಲ, ಸಿಬ್ಬಂದಿ ಏಜೆನ್ಸಿಗಳ ಮೂಲಕ ಬಂದವರು. ಹಾಜರಾತಿ ದಾಖಲಾಗುತ್ತಿದ್ದುದು ಕಾರ್ಖಾನೆಯ ಯಂತ್ರದಲ್ಲಿ, ಸಂಬಳ ಬರುತ್ತಿದ್ದುದು ಏಜೆನ್ಸಿಯಿಂದ. ಖಾತೆಗೆ ಕಡಿಮೆ ದುಡ್ಡು ಬಿದ್ದಾಗ ಕಾರ್ಖಾನೆಯವರು ಏಜೆನ್ಸಿಯ ಕಡೆ ಕೈ ತೋರಿಸಿದರೆ, ಏಜೆನ್ಸಿಯವರು ಹಾಜರಾತಿಯ ಕಡೆ ಕೈ ತೋರಿಸಬಹುದು. ಅಕ್ಟೋಬರ್, ನವೆಂಬರ್ ತಿಂಗಳ ಬಟವಾಡೆ ಕೆಲವರಿಗೆ ತಡವಾಗಿದ್ದನ್ನು ಆ್ಯಪಲ್ ಕಂಪನಿಯೇ ಬಳಿಕ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಕೆಲಸ ಕೊಡುವವನು ಒಬ್ಬ, ಸಂಬಳ ಕೊಡುವವನು ಇನ್ನೊಬ್ಬ ಎಂಬ ಈ ಏರ್ಪಾಡು ಕೋಲಾರದ ನೆಲಕ್ಕೆ ಹೊಸದೇನಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ಆಳಕ್ಕಿಳಿಸಿದಾಗ ತಮಿಳು, ತೆಲುಗು ಸೀಮೆಗಳಿಂದ ಜನ ಬಂದರು. ಅವರ ಪಾಲಿಗೆ ಕಂಪನಿಗಿಂತ ಹತ್ತಿರದವನು ಗುತ್ತಿಗೆದಾರ, ಮೇಸ್ತ್ರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಮುಂಗಡ ಕೊಟ್ಟು ಆಳು ಕರೆತರುತ್ತಿದ್ದವನು ಮೇಸ್ತ್ರಿಯೇ. ಕರೆತರುವವನು, ದುಡಿಸುವವನು, ಕೂಲಿಯಲ್ಲಿ ಮುರಿದುಕೊಳ್ಳುವವನು ಎಲ್ಲವೂ ಅವನೇ ಆಗುವುದರಲ್ಲಿ ಇರುವ ಅಪಾಯವನ್ನು ಬ್ರಿಟಿಷ್ ಸರ್ಕಾರ ನೇಮಿಸಿದ್ದ ವಿಟ್ಲೀ ಆಯೋಗ ಗುರುತಿಸಿತು. ನೇಮಕದ ಹೊಣೆ ಮಧ್ಯವರ್ತಿಯ ಕೈಯಲ್ಲಿರದೆ ಕಾರ್ಖಾನೆಯ ಕೈಯಲ್ಲಿರಲಿ ಎಂಬುದು 1931ರ ಅದರ ವರದಿಯ ಒಲವು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರು ತದ್ವಿರುದ್ಧ ದಾರಿ ಹಿಡಿಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಲ್ಲಿ ಕಾಯಂ ನೌಕರಿ ಎಂದರೆ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಕಂಪನಿಯ ಬಸ್ಸು, ಕ್ಯಾಂಟೀನಿನ ಅಗ್ಗದ ಊಟ. ಒಮ್ಮೆ ಸೇರಿದರೆ ನಿವೃತ್ತಿಯವರೆಗೂ ಚಿಂತೆಯಿಲ್ಲ. ಈ ನಗರದ ಮಧ್ಯಮ ವರ್ಗವನ್ನು ಬೆಳೆಸಿದ್ದು ಅದೇ.

ಯಾವ ಕೆಲಸಕ್ಕೆ ಕಾಯಂ ನೌಕರ, ಯಾವುದಕ್ಕೆ ಗುತ್ತಿಗೆಯವನು ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಹುಟ್ಟಿದ್ದು ಕಸಬರಿಕೆಯ ಕೆಲಸದಿಂದ. ಮುಂಬೈನ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ತೈಲ ಶುದ್ಧೀಕರಣ ಕಂಪನಿ ತನ್ನ ಘಟಕದ ಸ್ವಚ್ಛತೆಯನ್ನು ಗುತ್ತಿಗೆಗೆ ಕೊಟ್ಟಿತ್ತು. ಕಾಯಂ ಕಾರ್ಮಿಕರ ಸಂಘವೇ ಗುತ್ತಿಗೆಯವರ ಪರವಾಗಿ ನಿಂತಿತು. ಸ್ವಚ್ಛಗೊಳಿಸುವುದು ಉತ್ಪಾದನೆಗೆ ಬೇಕೇ ಬೇಕಾದ, ವರ್ಷವಿಡೀ ನಡೆಯುವ ಕೆಲಸ, ಅದಕ್ಕೆ ಕಾಯಂ ನೌಕರರೇ ಇರಬೇಕು ಎಂಬ ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 1960ರಲ್ಲಿ ಎತ್ತಿಹಿಡಿಯಿತು.

ಆ ತೀರ್ಪಿನ ತರ್ಕವೇ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 10ನೇ ಕಲಮಾಗಿ ಬಂತು. ಒಂದು ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಮುನ್ನ ಸರ್ಕಾರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅದರಲ್ಲಿವೆ. ಆ ಕೆಲಸ ಉದ್ಯಮಕ್ಕೆ ಅಗತ್ಯವೇ? ಸದಾ ಇರುವಂಥದ್ದೇ? ಇಂಥದೇ ಬೇರೆ ಕಡೆಗಳಲ್ಲಿ ಕಾಯಂ ನೌಕರರು ಅದನ್ನು ಮಾಡುತ್ತಿದ್ದಾರೆಯೇ? ಸಾಕಷ್ಟು ಜನರಿಗೆ ಪೂರ್ಣಾವಧಿ ಕೆಲಸ ಕೊಡುವಷ್ಟು ಇದೆಯೇ? ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದೂ ಕಾಯ್ದೆ ಹೇಳಿತು. ಸಿಬ್ಬಂದಿ ಹೇಗಿರಬೇಕೆಂದು ಯೋಚಿಸುವ ಯಾವ ಕಂಪನಿಗೂ ಇಂದಿಗೂ ಇವಕ್ಕಿಂತ ಒಳ್ಳೆಯ ಪ್ರಶ್ನೆಗಳು ಸಿಗಲಾರವು ಎಂದೇ ನಾನು ನಂಬಿದ್ದೇನೆ.

ಆದರೆ 1991ರ ಉದಾರೀಕರಣದ ನಂತರ ಪ್ರಶ್ನೆಯೇ ಬದಲಾಯಿತು. ಕೆಲಸ ಎಂಥದ್ದು ಎಂಬುದು ಹಿಂದಾಗಿ, ಖರ್ಚು ಎಷ್ಟು, ಬೇಡವಾದಾಗ ಬಿಡಿಸುವುದು ಎಷ್ಟು ಸುಲಭ ಎಂಬುದು ಮುಂದೆ ಬಂತು. ಗುತ್ತಿಗೆ ನಿಷೇಧವಾದರೆ ಅಲ್ಲಿದ್ದವರು ತಾವಾಗಿಯೇ ಕಾಯಂ ಆಗಬೇಕೆಂದು 1996ರ ಏರ್ ಇಂಡಿಯಾ ಪ್ರಕರಣದಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು. ಗುತ್ತಿಗೆ ಬರೀ ನೆಪವೆಂದು ರುಜುವಾತಾದರೆ ಮಾತ್ರ ಕಾರ್ಮಿಕನಿಗೆ ದಾರಿ ಉಳಿಯಿತು. ಮರುವರ್ಷ, 2002ರಲ್ಲಿ, ಟೀಮ್‌ಲೀಸ್ ಶುರುವಾಯಿತು. 2007ರಲ್ಲಿ ಮುಂದೆ ಕ್ವೆಸ್ ಎಂದು ಹೆಸರಾದ ಕಂಪನಿ ಬಂತು. ಎರಡೂ ಇಂದು ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡಿವೆ. ಚೀಟಿಯೂ ಇಲ್ಲದೆ ದುಡಿಯುತ್ತಿದ್ದವರಿಗೆ ಪಿಎಫ್, ಇಎಸ್‌ಐ ಸಿಗುವುದು ನಮ್ಮಿಂದ ಎಂಬ ಇಂಥ ಏಜೆನ್ಸಿಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹಬ್ಬದ ಮೂರು ತಿಂಗಳಿಗೆ ಗೋದಾಮಿಗೆ ಆಳು ಬೇಕಾದವನು, ಒಂದು ಪ್ರಾಜೆಕ್ಟಿಗಷ್ಟೇ ಪರಿಣತರು ಬೇಕಾದವನು ಏಜೆನ್ಸಿಗೆ ಹೋಗುವುದು ಸರಿಯೇ.

ತೊಂದರೆ ಇರುವುದು ವರ್ಷಗಟ್ಟಲೆ ನಡೆಯುವ ಕೆಲಸದಲ್ಲಿ. ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತು ನೋಡಿ. ಕೊರಳಿನ ಐಡಿ ಕಾರ್ಡಿನ ಪಟ್ಟಿಯ ಬಣ್ಣವೇ ಯಾರು ಕಂಪನಿಯವರು, ಯಾರು ಹೊರಗಿನವರು ಎಂದು ಹೇಳಿಬಿಡುತ್ತದೆ. ಅದೇ ಮಹಡಿ ಒರೆಸುವ ಹೌಸ್‌ಕೀಪಿಂಗ್ ಅಕ್ಕನಿಗೆ ಟೆಂಡರ್ ಬದಲಾದಾಗಲೆಲ್ಲ ಹೊಸ ಸೀರೆ, ಹೊಸ ಏಜೆನ್ಸಿಯ ಹೆಸರು. ಮಹಡಿ ಅದೇ, ಮಾಪ್ ಅದೇ, ಮೇಲ್ವಿಚಾರಕನೂ ಎಷ್ಟೋ ಸಲ ಅವನೇ. ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಸೇವೆ ಮಾತ್ರ ಮತ್ತೆ ಸೊನ್ನೆಯಿಂದ ಶುರುವಾಗುವ ಭಯ. ಹೀಗೆ ಉಳಿಸಿದ ದುಡ್ಡನ್ನು ಕಂಪನಿಯ ಜಾಣತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಆಕೆಯ ದುಡ್ಡು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1970ರ ಕಾಯ್ದೆ ತೆರೆಮರೆಗೆ ಸರಿಯಿತು. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದಲ್ಲಿ ಅನ್ವಯವಾಗುತ್ತಿದ್ದ ನಿಯಮ ಈಗ 50 ಮಂದಿ ಇದ್ದಲ್ಲಿ ಮಾತ್ರ. ಕಂಪನಿಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕೂಡದು ಎಂದಿದೆಯಾದರೂ ವಿನಾಯಿತಿಗಳಿವೆ, ಸ್ವಚ್ಛತೆ, ಕಾವಲು, ಕ್ಯಾಂಟೀನುಗಳನ್ನು ಸಾಮಾನ್ಯವಾಗಿ ಮುಖ್ಯ ಚಟುವಟಿಕೆಯೆಂದು ಎಣಿಸುವುದಿಲ್ಲ. 1960ರಲ್ಲಿ ಕಸಬರಿಕೆ ಹಿಡಿದವರು ಗೆದ್ದಿದ್ದ ಜಾಗ ಹೀಗೆ ಕೈಬಿಟ್ಟಿತು. ಈ ಸಂಹಿತೆಗಳಲ್ಲಿರುವ ನಿಗದಿತ ಅವಧಿಯ ನೌಕರಿಯಲ್ಲಿ ಮಾತ್ರ ನನಗೆ ಭರವಸೆ ಕಾಣುತ್ತದೆ. ಅಲ್ಲಿ ನಡುವೆ ಏಜೆನ್ಸಿಯಿಲ್ಲ, ಕಂಪನಿಯೇ ನೇರವಾಗಿ ನೇಮಿಸಿಕೊಳ್ಳಬೇಕು, ಅದೇ ಕೆಲಸದ ಕಾಯಂ ನೌಕರನಿಗಿರುವ ಸಂಬಳ, ಸವಲತ್ತು ಕೊಡಬೇಕು, ಒಂದು ವರ್ಷ ದುಡಿದರೆ ಗ್ರಾಚ್ಯುಟಿಯೂ ಸಲ್ಲಬೇಕು. ಆಳಿನ ಅಗತ್ಯ ಏರಿಳಿಯುವ ಕಾರ್ಖಾನೆಯ ಮಾಲೀಕರು ಏಜೆನ್ಸಿಗೆ ಫೋನ್ ಮಾಡುವ ಮೊದಲು ಈ ದಾರಿಯ ಲೆಕ್ಕ ಹಾಕಿ ನೋಡಲಿ. ಸಂಬಳ ಕಡಿಮೆ ಬಿದ್ದ ದಿನ ಕಾರ್ಮಿಕ ಯಾರ ಟೇಬಲ್ಲಿನ ಮುಂದೆ ನಿಲ್ಲಬೇಕೆಂಬುದು ಅಲ್ಲಿ ನೇಮಕಾತಿ ಪತ್ರದಲ್ಲೇ ಬರೆದಿರುತ್ತದೆ.